ನೀರಿನ ಜಾಡು ಹಿಡಿದು ಔಟ್‌ಬ್ಯಾಕ್: ಅಡಿಲೇಡ್‌ನಿಂದ ಫ್ಲಿಂಡರ್ಸ್, ಮರೀ, ಕೂಬರ್ ಪೀಡಿವರೆಗೆ ಸಮಗ್ರ ಮಾರ್ಗದರ್ಶಿ

ಆಸ್ಟ್ರೇಲಿಯಾಕ್ಕೆ ಬಂದ ನಮ್ಮವರು ಸಾಮಾನ್ಯವಾಗಿ ಕರಾವಳಿ ಬಿಟ್ಟು ಕದಲುವುದಿಲ್ಲ. ಸಿಡ್ನಿ, ಮೆಲ್ಬರ್ನ್, ಗ್ರೇಟ್ ಓಷನ್ ರೋಡ್, ಗೋಲ್ಡ್ ಕೋಸ್ಟ್ ಆಯಿತು ಅಂದರೆ ಪ್ರವಾಸ ಮುಗಿದ ಹಾಗೆ. ಒಳನಾಡು ನೋಡಬೇಕು ಅನ್ನಿಸಿದವರು ವಿಮಾನ ಹತ್ತಿ ಉಲುರು ಬಂಡೆ ನೋಡಿಕೊಂಡು ವಾಪಸ್ ಬರುತ್ತಾರೆ. ಅದೂ ಚೆಂದವೇ. ಆದರೆ ಔಟ್‌ಬ್ಯಾಕ್ ಎಂಬ ಈ ವಿಶಾಲವಾದ ಒಣ ಒಳನಾಡು ಅಂದರೆ ಏನು ಅಂತ ಗೊತ್ತಾಗಬೇಕಾದರೆ ಅದನ್ನು ನೆಲದ ಮೇಲೆ, ರಸ್ತೆಯಲ್ಲೇ ದಾಟಬೇಕು. ಅದಕ್ಕೆ ಅತ್ಯುತ್ತಮ ದಾರಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ರಾಜ್ಯದ ರಾಜಧಾನಿ ಅಡಿಲೇಡ್‌ನಿಂದ ಉತ್ತರಕ್ಕೆ ಹೊರಟರೆ ಫ್ಲಿಂಡರ್ಸ್ ಬೆಟ್ಟಸಾಲು ಸಿಗುತ್ತದೆ. ಅದನ್ನು ದಾಟಿದರೆ ಮರೀ ಎಂಬ ಪುಟ್ಟ ಊರು. ಅಲ್ಲಿಂದ ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣುರಸ್ತೆ ಹಿಡಿದು ವಿಲಿಯಂ ಕ್ರೀಕ್, ಅಲ್ಲಿಂದ ನೆಲದಡಿಯ ಊರು ಕೂಬರ್ ಪೀಡಿ. ಆಮೇಲೆ ಸ್ಟುವರ್ಟ್ ಹೆದ್ದಾರಿಯಲ್ಲಿ ವಾಪಸ್. ಎಲ್ಲ ಸೇರಿ ಸುಮಾರು 1,900 ಕಿ.ಮೀ. ಅಕ್ಕಪಕ್ಕ ತಿರುಗಾಡಿದರೆ 2,000 ದಾಟುತ್ತದೆ.

ಈ ದಾರಿಗೆ ಒಂದು ಸೂತ್ರ ಇದೆ. ಅದು ನೀರು. ಮೂಲನಿವಾಸಿಗಳು ಓಡಾಡಿದ್ದು ಬುಗ್ಗೆಯಿಂದ ಬುಗ್ಗೆಗೆ. ಆಮೇಲೆ ಬಂದ ಬಿಳಿಯ ಅನ್ವೇಷಕರು, ಟೆಲಿಗ್ರಾಫ್ ತಂತಿ, ಒಂಟೆ ಸಾಲು, ರೈಲು ಎಲ್ಲವೂ ಅದೇ ಜಾಡು ಹಿಡಿದವು. ನೀರಿದ್ದ ಕಡೆ ಊರು ಉಳಿಯಿತು, ನೀರು ಕೈಕೊಟ್ಟ ಕಡೆ ಪಾಳುಗೋಡೆ ಉಳಿಯಿತು. ಇದೊಂದು ತಲೆಯಲ್ಲಿದ್ದರೆ ದಾರಿಯಲ್ಲಿ ಕಾಣುವ ಒಂದೊಂದು ಕಲ್ಲೂ ಏಕೆ ಅಲ್ಲಿದೆ ಅಂತ ತಾನಾಗಿ ತಿಳಿಯುತ್ತದೆ. ನಿಮ್ಮ ತಯಾರಿಯೂ ಅದನ್ನೇ ಹಿಡಿದು ನಡೆಯಬೇಕು.

ಹೆಜ್ಜೆ 1: ಕಾಲ ಮತ್ತು ದಿನ ಗೊತ್ತುಮಾಡಿ

ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೋಗಿ. ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಬೇಡವೇ ಬೇಡ. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿತ್ತು. ಆಸ್ಟ್ರೇಲಿಯಾದಲ್ಲಿ ಅದನ್ನು ಮೀರಿದ ದಾಖಲೆ ಇನ್ನೂ ಇಲ್ಲ. ಭಾರತದಲ್ಲಿ ಮಕ್ಕಳಿಗೆ ರಜೆ ಸಿಗುವ ಏಪ್ರಿಲ್–ಮೇ ತಿಂಗಳು ಇಲ್ಲಿಗೆ ಚೆನ್ನಾಗಿಯೇ ಹೊಂದುತ್ತದೆ. ಜೂನ್–ಜುಲೈನಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಮಾತ್ರ ಫ್ಲಿಂಡರ್ಸ್ ಬೆಟ್ಟಸಾಲಿನ ವಿಲ್ಪೀನಾ ಕಡೆ ಸೊನ್ನೆಯ ಹತ್ತಿರ ಇಳಿಯುತ್ತದೆ. ಮರುಭೂಮಿ ಅಂತ ತೆಳು ಬಟ್ಟೆ ಮಾತ್ರ ತಂದವರು ಟೆಂಟಿನಲ್ಲಿ ನಡುಗುತ್ತಾರೆ. ಸ್ವೆಟರ್, ಟೋಪಿ, ಬೆಚ್ಚಗಿನ ರಜಾಯಿ ಬೇಕು.

ಆರಾಮಾಗಿ ನೋಡಲು ಒಂಬತ್ತು ಹತ್ತು ದಿನ ಇಟ್ಟುಕೊಳ್ಳಿ. ಅದರ ಮೇಲೆ ಎರಡು ದಿನ ಖಾಲಿ ಬಿಡಿ. ಇದು ಸೋಮಾರಿತನಕ್ಕಲ್ಲ, ಮಳೆಗೆ. ಅಪರೂಪಕ್ಕೆ ಬಿದ್ದರೂ ಇಲ್ಲಿಯ ಜೇಡಿಮಣ್ಣು ಒಂದೇ ಮಳೆಗೆ ಸಾಬೂನಾಗುತ್ತದೆ, ರಸ್ತೆ ದಿನಗಟ್ಟಲೆ ಮುಚ್ಚುತ್ತದೆ. ರಾಜ್ಯ ಸರ್ಕಾರ ಔಟ್‌ಬ್ಯಾಕ್ ರಸ್ತೆಗಳ ಸ್ಥಿತಿಯನ್ನು ಅಂತರ್ಜಾಲದಲ್ಲಿ ಹಾಕುತ್ತದೆ. ಪ್ರತಿದಿನ ಬೆಳಗ್ಗೆ ನೋಡಿ. "ರಸ್ತೆ ಮುಚ್ಚಿದೆ" ಅಂತ ಬೋರ್ಡ್ ಇದ್ದರೆ ಅಲ್ಲಿಗೆ ನಿಲ್ಲಿ. ಮುಚ್ಚಿದ ರಸ್ತೆಯಲ್ಲಿ ಓಡಿಸಿದರೆ ದೊಡ್ಡ ದಂಡ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಸಿ ರಸ್ತೆಯಲ್ಲಿ ನೀವು ಮಾಡಿದ ಆಳವಾದ ಚಕ್ರದ ಹಳ್ಳ ಒಣಗಿ ಗಟ್ಟಿಯಾಗಿ, ಹಿಂದೆ ಬರುವವರಿಗೆ ತಿಂಗಳುಗಟ್ಟಲೆ ಕಾಟ ಕೊಡುತ್ತದೆ.

ಹೆಜ್ಜೆ 2: ಯಾರು ಯಾವ ದಾರಿ ಹಿಡಿಯಬೇಕು

ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿದ್ದೀರಾ? ಮಾಮೂಲಿ ಕಾರು ಮಾತ್ರ ಇದೆಯಾ? ಹಾಗಿದ್ದರೆ ಮಣ್ಣುರಸ್ತೆಯ ಆಸೆ ಬಿಡಿ. ಅಡಿಲೇಡ್‌ನಿಂದ ವಿಲ್ಪೀನಾವರೆಗಿನ ಸುಮಾರು 430 ಕಿ.ಮೀ. ಪೂರ್ತಿ ಟಾರ್ ರಸ್ತೆ. ಅಡಿಲೇಡ್‌ನಿಂದ ಕೂಬರ್ ಪೀಡಿಗೆ ಸ್ಟುವರ್ಟ್ ಹೆದ್ದಾರಿಯಲ್ಲಿ 846 ಕಿ.ಮೀ., ಅದೂ ಟಾರ್. ಬೆಂಗಳೂರಿನಿಂದ ಬೀದರ್‌ಗೆ ಹೋಗುವುದಕ್ಕಿಂತ ದೂರ, ಮಧ್ಯದಲ್ಲಿ ಊರು ಮಾತ್ರ ಬೆರಳೆಣಿಕೆ. ಈ ಎರಡನ್ನೂ ಪೋರ್ಟ್ ಆಗಸ್ಟಾ ಮೂಲಕ ಜೋಡಿಸಿಕೊಂಡರೆ ಅರ್ಧಕ್ಕಿಂತ ಹೆಚ್ಚು ನೋಡಿದ ಹಾಗೆ ಆಯಿತು. ಹಿರಿಯರಿಗೆ ಸುಸ್ತೂ ಇಲ್ಲ.

ಮರೀ–ವಿಲಿಯಂ ಕ್ರೀಕ್ ದಾರಿ ಹಿಡಿಯುವವರಿಗೆ ಎತ್ತರದ ಫೋರ್ ವೀಲ್ ಡ್ರೈವ್ ಗಾಡಿ ಬೇಕು. ಬಾಡಿಗೆಗೆ ತೆಗೆದುಕೊಳ್ಳುವಾಗ ಕರಾರುಪತ್ರ ಪೂರ್ತಿ ಓದಿ. ಗಾಡಿ ಫೋರ್ ವೀಲ್ ಡ್ರೈವ್ ಆಗಿದ್ದರೂ ಮಣ್ಣುರಸ್ತೆಗೆ ಇಳಿಸಬಾರದು ಅಂತ ಷರತ್ತು ಹಾಕುವ ಕಂಪನಿಗಳು ಬಹಳ. ಇಳಿಸಿದರೆ ವಿಮೆ ಇಲ್ಲ. "ಊಡ್ನಡಾಟಾ ಟ್ರ್ಯಾಕ್‌ಗೆ ಹೋಗಬಹುದಾ?" ಅಂತ ಹೆಸರು ಹಿಡಿದೇ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ಹೆಜ್ಜೆ 3: ಗಾಡಿಯೊಳಗೆ ಏನಿರಬೇಕು

ಮೊದಲು ನೀರು. ಒಬ್ಬರಿಗೆ ದಿನಕ್ಕೆ ಹತ್ತು ಲೀಟರ್ ಲೆಕ್ಕ ಹಾಕಿ. ಒಂದೇ ದೊಡ್ಡ ಡ್ರಮ್ ಬೇಡ, ನಾಲ್ಕೈದು ಕ್ಯಾನ್‌ಗಳಲ್ಲಿ ಹಂಚಿ. ಒಂದು ಒಡೆದರೂ ಉಳಿದದ್ದು ಇರುತ್ತದೆ. ನಕ್ಷೆಯಲ್ಲಿ ನೀಲಿ ಗೆರೆ, ನೀಲಿ ಕೆರೆ ಕಂಡರೆ ನಂಬಬೇಡಿ. ಅಲ್ಲಿರುವುದು ಮರಳು ಇಲ್ಲವೇ ಉಪ್ಪು. ಕೊಳವೆಬಾವಿ ನೀರು ಸಿಕ್ಕರೂ ಎಲ್ಲ ಕಡೆ ಕುಡಿಯಲು ಬರುವುದಿಲ್ಲ.

ಎರಡು ಸ್ಟೆಪ್ನಿ, ಗಟ್ಟಿ ಜಾಕ್, ಜಾಕ್ ಮಣ್ಣಿಗೆ ಹೂತುಹೋಗದಂತೆ ಕೆಳಗಿಡಲು ಒಂದು ಹಲಗೆ, ಗಾಳಿ ತುಂಬುವ ಕಂಪ್ರೆಸರ್, ಗಾಳಿ ಅಳೆಯುವ ಗೇಜ್. ಮಣ್ಣುರಸ್ತೆಗೆ ಇಳಿದಾಗ ಟೈರಿನ ಗಾಳಿ ಸ್ವಲ್ಪ ಇಳಿಸಿ. ಚೂಪುಕಲ್ಲಿಗೆ ಟೈರ್ ಸೀಳುವುದು ಕಡಿಮೆಯಾಗುತ್ತದೆ. ಟಾರ್ ಬಂದ ಕೂಡಲೇ ಮತ್ತೆ ತುಂಬಿ. ಬಾಡಿಗೆ ಗಾಡಿಯ ಸ್ಟೆಪ್ನಿ ಬಿಚ್ಚುವುದು ಹೇಗೆ ಅಂತ ಹೊರಡುವ ಮೊದಲೇ ಮನೆಯ ಮುಂದೆ ಒಮ್ಮೆ ಮಾಡಿ ನೋಡಿ. ಬಿಸಿಲಲ್ಲಿ, ನೊಣದ ಮಧ್ಯೆ, ಮೊದಲ ಸಲ ಅದನ್ನು ಕಲಿಯುವುದು ಕಷ್ಟ. ನೊಣಕ್ಕೆ ಮುಖ ಮುಚ್ಚುವ ಬಲೆ ಸಿಗುತ್ತದೆ. ನೋಡಲು ವಿಚಿತ್ರ ಅನ್ನಿಸಿದರೂ ಕೊಳ್ಳಿ.

ಮೊಬೈಲ್ ಸಿಗ್ನಲ್ ಊರುಗಳಲ್ಲಿ ಮಾತ್ರ. ಅದೂ ಬಹುತೇಕ ಟೆಲ್‌ಸ್ಟ್ರಾ ಎಂಬ ಕಂಪನಿಯದ್ದು. ಹಾಗಾಗಿ ಸ್ಯಾಟಲೈಟ್ ಫೋನ್ ಬಾಡಿಗೆಗೆ ತನ್ನಿ, ಅಥವಾ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ನೀವಿರುವ ಜಾಗ ತಿಳಿಸುವ ಪಿಎಲ್‌ಬಿ ಇಟ್ಟುಕೊಳ್ಳಿ. ಗಾಡಿಗಳ ನಡುವೆ ಮಾತಾಡಲು ಯುಎಚ್‌ಎಫ್ ರೇಡಿಯೊ ಇದ್ದರೆ ಒಳ್ಳೆಯದು. ದಾರಿಯಲ್ಲಿರುವವರು ಚಾನೆಲ್ 40 ಕೇಳುತ್ತಿರುತ್ತಾರೆ. ಎಲ್ಲಿಂದ ಎಲ್ಲಿಗೆ, ಯಾವಾಗ ತಲುಪುತ್ತೀರಿ ಅಂತ ಮನೆಯವರಿಗೋ ಸ್ನೇಹಿತರಿಗೋ ಹೇಳಿ ಹೊರಡಿ.

ಇಷ್ಟಾದ ಮೇಲೂ ಗಾಡಿ ಕೆಟ್ಟು ನಿಂತರೆ? ಗಾಡಿ ಬಿಟ್ಟು ಎಲ್ಲಿಗೂ ನಡೆಯಬೇಡಿ. ಇದು ಔಟ್‌ಬ್ಯಾಕಿನ ಮೊದಲ ನಿಯಮ. ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಗಾಡಿ, ಮನುಷ್ಯ ಅಲ್ಲ. ಗಾಡಿಯ ನೆರಳಲ್ಲಿ ಕೂತು ನೀರು ಕುಡಿಯುತ್ತಾ ಕಾಯಿರಿ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಇಲ್ಲಿಯ ಹೋಟೆಲುಗಳಲ್ಲಿ ಚಿಪ್ಸ್, ಟೋಸ್ಟ್, ಸಲಾಡ್ ಬಿಟ್ಟರೆ ಆಯ್ಕೆ ಕಡಿಮೆ. ಪುಟ್ಟ ಗ್ಯಾಸ್ ಒಲೆ, ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇದ್ದರೆ ಯಾರನ್ನೂ ಕೇಳಬೇಕಿಲ್ಲ. ಬೇಸಿಗೆ ತಿಂಗಳುಗಳಲ್ಲಿ ಬೆಂಕಿಗೆ ನಿರ್ಬಂಧ ಇರುತ್ತದೆ, ಕೆಲವು ದಿನ ಗ್ಯಾಸ್ ಒಲೆಗೂ. ಕ್ಯಾಂಪಿನ ಬೋರ್ಡ್ ಓದಿ. ಮೆಲ್ಬರ್ನ್ ಕಡೆಯಿಂದ ಕಾರಿನಲ್ಲಿ ಬರುವವರು ಗಮನಿಸಿ: ಹಣ್ಣು, ಟೊಮೆಟೊ, ಮೆಣಸಿನಕಾಯಿ, ಬದನೆಕಾಯಿ ಇವನ್ನೆಲ್ಲ ದಕ್ಷಿಣ ಆಸ್ಟ್ರೇಲಿಯಾದ ಗಡಿಯೊಳಗೆ ತರುವಂತಿಲ್ಲ. ಹಣ್ಣುನೊಣ ಹರಡದಿರಲಿ ಅಂತ ಈ ನಿಯಮ. ತರಕಾರಿಯನ್ನು ಅಡಿಲೇಡ್‌ನಲ್ಲೋ ಪೋರ್ಟ್ ಆಗಸ್ಟಾದಲ್ಲೋ ಕೊಳ್ಳಿ.

ಹೆಜ್ಜೆ 4: ಮಳೆಯ ಗೆರೆ ದಾಟಿ, ಕ್ವಾರ್ನ್‌ನಿಂದ ಹಾಕರ್‌ಗೆ

ಮೊದಲ ದಿನ ಪೋರ್ಟ್ ಆಗಸ್ಟಾ ದಾಟಿ ಕ್ವಾರ್ನ್ ತಲುಪಿ. ಹಳೆಯ ರೈಲ್ವೆ ಊರು. ಪಿಚಿ ರಿಚಿ ಎಂಬ ಹಳೇಕಾಲದ ಉಗಿಬಂಡಿಯನ್ನು ಆಸಕ್ತರು ಸೇರಿ ಇಂದಿಗೂ ಓಡಿಸುತ್ತಾರೆ. ಓಡುವ ದಿನ ಮೊದಲೇ ನೋಡಿಕೊಂಡರೆ ಮಕ್ಕಳಿಗೆ ಖುಷಿ.

ಈ ಸೀಮೆಯಲ್ಲಿ ರಸ್ತೆಬದಿ ಕಲ್ಲಿನ ಮನೆಗಳು ಒಂದರ ಹಿಂದೊಂದು ಪಾಳುಬಿದ್ದಿರುವುದು ಕಾಣುತ್ತದೆ. ಸೂರಿಲ್ಲ, ಚಿಮಣಿ ಮಾತ್ರ ನಿಂತಿದೆ. ಇದರ ಕಥೆ ತಿಳಿದು ನೋಡಬೇಕು. 1865ರಲ್ಲಿ ಇಲ್ಲಿಯ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆ ಮೇಲೆ ಸುತ್ತಿ, ಗಿಡಗಂಟೆ ಗಮನಿಸಿ, ನಕ್ಷೆಯಲ್ಲಿ ಒಂದು ಗೆರೆ ಎಳೆದ. ಗೆರೆಯ ದಕ್ಷಿಣಕ್ಕೆ ಬೆಳೆ ಬೆಳೆಯಬಹುದು, ಉತ್ತರಕ್ಕೆ ಮಳೆ ನಂಬಬೇಡಿ ಅಂದ. ವರ್ಷಕ್ಕೆ 250ರಿಂದ 300 ಮಿ.ಮೀ. ಮಳೆಯ ಗಡಿ ಅದು. ನಮ್ಮ ಚಳ್ಳಕೆರೆ, ಪಾವಗಡದ ಕಡೆಯೂ ಇದಕ್ಕಿಂತ ಜಾಸ್ತಿ ಬೀಳುತ್ತದೆ. 1870ರ ದಶಕದಲ್ಲಿ ಕೆಲವು ವರ್ಷ ಒಳ್ಳೆಯ ಮಳೆಯಾಯಿತು. ಗಾಯ್ಡರ್ ಹೇಳಿದ್ದು ಸುಳ್ಳು ಅಂತ ಜನ ನಂಬಿದರು. ನೇಗಿಲು ಹೋದ ಹಿಂದೆ ಮಳೆ ಬರುತ್ತದೆ ಅನ್ನುವ ಮಾತೂ ಹುಟ್ಟಿತು. ಗೆರೆ ದಾಟಿ ಗೋಧಿ ಬಿತ್ತಿದರು, ಕಲ್ಲಿನ ಮನೆ ಕಟ್ಟಿದರು. 1880ರ ದಶಕದ ಬರ ಎಲ್ಲರನ್ನೂ ಎಬ್ಬಿಸಿ ಕಳಿಸಿತು. ನೀವು ನೋಡುತ್ತಿರುವ ಗೋಡೆಗಳಲ್ಲಿ ಬಹಳಷ್ಟು ಅವರವೇ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಒಲೆಗೂಡಿನ ಮುಂದೆ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕ್ವಾರ್ನ್‌ನಿಂದ ಹಾಕರ್‌ಗೆ ಹೋಗುವಾಗ ಕನ್ಯಾಕಾ ಪಾಳುಗಳ ಹತ್ತಿರ ತಪ್ಪದೆ ನಿಲ್ಲಿಸಿ. ಅದು ಹೊಲ ಅಲ್ಲ, ಕುರಿ ಸಾಕಣೆಯ ದೊಡ್ಡ ಠಾಣ್ಯ. 1850ರ ದಶಕದ ಆರಂಭದಲ್ಲಿ ಅದನ್ನು ಶುರುಮಾಡಿದ ಹ್ಯೂ ಪ್ರೋಬಿ ಎಂಬ ಯುವಕ 1852ರಲ್ಲಿ ಸತ್ತದ್ದು ಬಾಯಾರಿಕೆಯಿಂದಲ್ಲ. ಬಿರುಮಳೆಯಲ್ಲಿ ಉಕ್ಕಿದ ವಿಲೋಕ್ರಾ ಹಳ್ಳದಲ್ಲಿ ಕೊಚ್ಚಿಹೋಗಿ. ಇದರಿಂದ ಎರಡು ಮಾತು ಕಲಿಯಿರಿ: ಒಣಗಿದ ಹಳ್ಳದ ಪಾತ್ರದಲ್ಲಿ ಟೆಂಟ್ ಹಾಕಬೇಡಿ, ಹರಿಯುವ ಹಳ್ಳಕ್ಕೆ ಗಾಡಿ ಇಳಿಸಬೇಡಿ. ಹಳ್ಳದ ದಡದ ದೊಡ್ಡ ಗಮ್ (ನೀಲಗಿರಿ ಜಾತಿಯ) ಮರಗಳ ಕೆಳಗೂ ಮಲಗಬೇಡಿ. ಗಾಳಿಯಿಲ್ಲದೆಯೂ ಕೊಂಬೆ ಮುರಿದು ಬೀಳುತ್ತದೆ.

ಹೆಜ್ಜೆ 5: ಇಕಾರ–ವಿಲ್ಪೀನಾದಲ್ಲಿ ಕನಿಷ್ಠ ಮೂರು ರಾತ್ರಿ

ಇಲ್ಲಿ ಅವಸರ ಮಾಡಬೇಡಿ. ಇಡೀ ದಾರಿಯ ಅತಿ ಸುಂದರ ಜಾಗ ಇದು. ಸುತ್ತ ಕೆಂಪು ಬೆಟ್ಟದ ಗೋಡೆ, ಒಳಗೆ ಮರಗಳು ತುಂಬಿದ ತಗ್ಗು. ಮೇಲಿಂದ ನೋಡಿದವರು ಉಲ್ಕೆ ಬಿದ್ದ ಕುಳಿ ಅಂದುಕೊಳ್ಳುತ್ತಾರೆ. ಅಲ್ಲ. ಮಡಚಿದ ಬಂಡೆಯ ಪದರಗಳು ಕೋಟ್ಯಂತರ ವರ್ಷ ಸವೆದು, ಗಟ್ಟಿ ಕಲ್ಲು ಮಾತ್ರ ಅಂಚಾಗಿ ಉಳಿದ ರೂಪ.

ಈ ನೆಲದ ಒಡೆಯರು ಅಡ್ನ್ಯಮತನ್ಹಾ ಜನ. ಅವರ ಕಥೆಯಲ್ಲಿ ಈ ಗೋಡೆಗಳು ಅಕುರ್ರಾ ಎಂಬ ಎರಡು ಮಹಾಸರ್ಪಗಳ ಮೈ. ಇಕಾರದಲ್ಲಿ ಆಚರಣೆಗೆ ಸೇರಿದ್ದ ಜನರನ್ನು ಸುತ್ತುವರಿದು ನುಂಗಿ, ಹಾಗೇ ಮಲಗಿಬಿಟ್ಟವು. 2016ರಲ್ಲಿ ಇಲ್ಲಿಯ ಫ್ಲಿಂಡರ್ಸ್ ರಾಷ್ಟ್ರೀಯ ಉದ್ಯಾನದ ಹೆಸರಿಗೆ ಇಕಾರ ಸೇರಿತು. ಅತಿ ಎತ್ತರದ ಶಿಖರ ಸೇಂಟ್ ಮೇರಿ ಪೀಕ್ ಸರ್ಪದ ತಲೆ. ಅದರ ತುದಿ ಹತ್ತಬೇಡಿ ಅಂತ ಅಡ್ನ್ಯಮತನ್ಹಾ ಜನ ಕೇಳಿಕೊಳ್ಳುತ್ತಾರೆ. ಕಾನೂನಿನ ತಡೆ ಇಲ್ಲ, ಅವರ ವಿನಂತಿ. ದಯವಿಟ್ಟು ಪಾಲಿಸಿ. ಟ್ಯಾಂಡೆರಾ ಸ್ಯಾಡಲ್‌ವರೆಗೆ ಹತ್ತಿ ನಿಂತರೂ ನೋಟಕ್ಕೆ ಏನೂ ಕೊರತೆ ಇಲ್ಲ.

ಮೊದಲ ದಿನ ಸುಲಭದ ನಡಿಗೆ ಇರಲಿ: ಹಳ್ಳದ ಪಕ್ಕದಲ್ಲೇ ಹಿಲ್ ಕುಟುಂಬದ ಮನೆಯವರೆಗೆ, ಅಲ್ಲಿಂದ ವಂಗಾರ ನೋಟದ ಬಂಡೆಗೆ. ಹೋಗಿ ಬರಲು ಸುಮಾರು 8 ಕಿ.ಮೀ. ಈ ಹಿಲ್ ಕುಟುಂಬ 20ನೇ ಶತಮಾನದ ಆರಂಭದಲ್ಲಿ ಬೆಟ್ಟದ ಗೋಡೆಯೊಳಗೆ ಗೋಧಿ ಬೆಳೆಯಿತು. ಕಿರಿದಾದ ಕಣಿವೆಯಲ್ಲಿ ಕಷ್ಟಪಟ್ಟು ದಾರಿ ಮಾಡಿತು. 1914ರ ಪ್ರವಾಹ ಆ ದಾರಿಯನ್ನು ಕೊಚ್ಚಿಕೊಂಡು ಹೋಯಿತು. ಅವರು ಕೈಚೆಲ್ಲಿದರು.

ಇನ್ನೊಂದು ದಿನ ಅರ್ಕಾರೂ ಬಂಡೆಗೆ ಹೋಗಿ. ಸುಮಾರು 3 ಕಿ.ಮೀ. ಸುತ್ತು. ಕಾವಿಮಣ್ಣು ಮತ್ತು ಇದ್ದಿಲಿನಲ್ಲಿ ಬರೆದ ಚಿತ್ರಗಳು ಬಂಡೆಯ ಮರೆಯಲ್ಲಿವೆ. ಮುಟ್ಟಬಾರದು. ಬೆರಳಿನ ಎಣ್ಣೆಯೂ ಬಣ್ಣ ಕೆಡಿಸುತ್ತದೆ.

ಮೂರನೆಯ ದಿನವನ್ನು ಬ್ರಚೀನಾ ಕಣಿವೆಗೆ ಪೂರ್ತಿ ಕೊಡಿ. 20 ಕಿ.ಮೀ. ಉದ್ದದ ಭೂವಿಜ್ಞಾನದ ದಾರಿ. ಪೂರ್ವದಿಂದ ಪಶ್ಚಿಮಕ್ಕೆ ಓಡಿಸಿ, ಆಗ ಹಳೆಯ ಬಂಡೆಯಿಂದ ಹೊಸದಕ್ಕೆ ಬರುತ್ತೀರಿ. ಆ 20 ಕಿ.ಮೀ.ನಲ್ಲಿ ಸುಮಾರು 13 ಕೋಟಿ ವರ್ಷದ ಪದರಗಳಿವೆ. ಪ್ರತಿ ಪದರಕ್ಕೂ ಬೋರ್ಡ್ ಇದೆ. 1946ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಇಲ್ಲಿಂದ ಇನ್ನೂ ಉತ್ತರದ ಈಡಿಯಾಕರ ಗುಡ್ಡದಲ್ಲಿ ಮೃದು ಮೈಯ ಜೀವಿಗಳ ಅಚ್ಚು ಕಂಡ. ಸುಮಾರು 55 ಕೋಟಿ ವರ್ಷ ಹಿಂದಿನ, ಕಣ್ಣಿಗೆ ಕಾಣುವಷ್ಟು ದೊಡ್ಡ ಜೀವಿಗಳು. 2004ರಲ್ಲಿ ಭೂಮಿಯ ಇತಿಹಾಸದ ಒಂದು ಅವಧಿಗೇ ಈಡಿಯಾಕರನ್ ಅಂತ ಹೆಸರಾಯಿತು. ಆ ಅವಧಿಯ ಆರಂಭ ಗುರುತಿಸುವ ಲೋಹದ ಬಿಲ್ಲೆ ಇಲ್ಲಿಯ ಎನೋರಮಾ ಹಳ್ಳದ ಬಂಡೆಯಲ್ಲಿ ಕೂತಿದೆ. ಅಂಗೈಯಷ್ಟಿರುವ ಆ ಬಿಲ್ಲೆಯ ಮುಂದೆ ನಿಲ್ಲುವುದು ನನಗೆ ಗುಡಿಯ ಮುಂದೆ ನಿಂತಷ್ಟೇ ದೊಡ್ಡದು. ಪಳೆಯುಳಿಕೆ ಎತ್ತಿಕೊಂಡು ಹೋಗುವುದು ಅಪರಾಧ. ಹೆಚ್ಚು ನೋಡಬೇಕು ಅಂದರೆ 2023ರಲ್ಲಿ ತೆರೆದ ನಿಲ್ಪೀನಾ ಈಡಿಯಾಕರ ರಾಷ್ಟ್ರೀಯ ಉದ್ಯಾನ ಇದೆ. ಮಾರ್ಗದರ್ಶಕರ ಜೊತೆ ಮಾತ್ರ ಪ್ರವೇಶ, ಮೊದಲೇ ಕಾಯ್ದಿರಿಸಬೇಕು.

ಬ್ರಚೀನಾದಲ್ಲಿ ಇನ್ನೊಂದು ಭಾಗ್ಯ ಇದೆ. ಬೆಳಗ್ಗೆ ಬೇಗ ಅಥವಾ ಸಂಜೆ, ಕಲ್ಲು ಜಾರಿದ ಇಳಿಜಾರಿನ ಎದುರು ಎಂಜಿನ್ ಆರಿಸಿ ಸುಮ್ನೆ ಕೂತುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಕಲ್ಲು ಕಿವಿ ಅಲ್ಲಾಡಿಸುತ್ತದೆ. ಹಳದಿ ಕಾಲು, ಉಂಗುರ ಉಂಗುರದ ಉದ್ದ ಬಾಲ, ಕೆನ್ನೆಯ ಮೇಲೆ ಬಿಳಿ ಗೆರೆ. ಯೆಲ್ಲೋ ಫುಟೆಡ್ ರಾಕ್ ವಾಲಬಿ ಎಂಬ ಪುಟ್ಟ ಕಾಂಗರೂ. ಒಂದು ಕಂಡರೆ ಅದರ ಪಕ್ಕದಲ್ಲೇ ಇನ್ನೂ ಎರಡು ಮೂರು ಕೂತಿರುತ್ತವೆ.

ಹೆಜ್ಜೆ 6: ಫರೀನಾ ಮತ್ತು ಮರೀ

ಬ್ರಚೀನಾ ಕಣಿವೆಯ ಪಶ್ಚಿಮ ತುದಿಯಿಂದ ಹೊರಬಿದ್ದರೆ ಹಾಕರ್–ಲೀ ಕ್ರೀಕ್ ಟಾರ್ ರಸ್ತೆ ಸಿಗುತ್ತದೆ. ಲೀ ಕ್ರೀಕ್‌ನಲ್ಲಿ ಟ್ಯಾಂಕ್ ತುಂಬಿಸಿ. 2015ರಲ್ಲಿ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಊರು ಬಹಳ ಖಾಲಿಯಾಗಿದೆ. ಲಿಂಡ್‌ಹರ್ಸ್ಟ್ ಆಚೆ ಮಣ್ಣುರಸ್ತೆಗೆ ಸಿದ್ಧರಾಗಿ. ಊರು ದಾಟುತ್ತಲೇ ಸಿಗುವ ಕಾವಿಮಣ್ಣಿನ ದಿಣ್ಣೆಗಳನ್ನು ಹತ್ತು ನಿಮಿಷ ನೋಡಿ. ಕೆಂಪು, ಹಳದಿ, ಬಿಳಿ. ಮೂಲನಿವಾಸಿಗಳು ಈ ಬಣ್ಣವನ್ನು ದೂರದೂರಕ್ಕೆ ವಿನಿಮಯ ಮಾಡುತ್ತಿದ್ದರು.

ಫರೀನಾ ಗೋಧಿಯ ಕನಸಿನಲ್ಲಿ ಹುಟ್ಟಿ, ಗೋಧಿ ಬೆಳೆಯದೆ ರೈಲು ಮತ್ತು ಒಂಟೆಯ ಸಾಗಾಟದ ಮೇಲೆ ಬದುಕಿ, ಆಮೇಲೆ ಸತ್ತ ಊರು. ಸ್ವಯಂಸೇವಕರು ವರ್ಷಾವರ್ಷ ಚಳಿಗಾಲದಲ್ಲಿ ಬಂದು ಗೋಡೆ ನಿಲ್ಲಿಸುತ್ತಾರೆ. ಆಗ ನೆಲದಡಿಯ ಹಳೆಯ ಬೇಕರಿ ಒಲೆಗೆ ಸೌದೆ ಹಾಕಿ ಬ್ರೆಡ್ ಸುಟ್ಟು ಮಾರುತ್ತಾರೆ. ಆ ವಾರಗಳಲ್ಲಿ ಹೋಗುವ ಹಾಗಿದ್ದರೆ ಖಂಡಿತ ಕೊಳ್ಳಿ. ಆ ದುಡ್ಡು ಗೋಡೆಗೆ ಹೋಗುತ್ತದೆ.

ಮರೀಯಲ್ಲಿ ಅರ್ಧ ದಿನವಾದರೂ ಕಳೆಯಿರಿ. ಭಾರತದಿಂದ ಬಂದ ನಮಗೆ ಈ ಊರು ಬೇರೆಯವರಿಗಿಂತ ಜಾಸ್ತಿ ಸಂಬಂಧಪಟ್ಟದ್ದು. 1860ರಲ್ಲಿ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟ ಬರ್ಕ್ ಮತ್ತು ವಿಲ್ಸ್ ತಂಡಕ್ಕಾಗಿ ಕರಾಚಿ ಬಂದರಿನಿಂದ ಒಂಟೆ ಬಂದವು. 1866ರಲ್ಲಿ ಥಾಮಸ್ ಎಲ್ಡರ್ ಎಂಬ ಶ್ರೀಮಂತ ನೂರಕ್ಕೂ ಹೆಚ್ಚು ಒಂಟೆಗಳನ್ನು, ಅವನ್ನು ನೋಡಿಕೊಳ್ಳಲು 31 ಜನರನ್ನು ಪೋರ್ಟ್ ಆಗಸ್ಟಾದಲ್ಲಿ ಇಳಿಸಿದ. ಇಲ್ಲಿಯವರು ಅವರೆಲ್ಲರನ್ನೂ "ಅಫ್ಘನ್" ಅಂದರು. ನಿಜದಲ್ಲಿ ಅವರಲ್ಲಿ ಬಹಳ ಜನ ಬಲೂಚಿಸ್ತಾನ, ಸಿಂಧ್, ಪಂಜಾಬ್, ಪೇಶಾವರದ ಕಡೆಯವರು. ಎತ್ತು, ಕುದುರೆ ಸೋತ ನೆಲದಲ್ಲಿ ಉಣ್ಣೆ, ಹಿಟ್ಟು, ಟೆಲಿಗ್ರಾಫ್ ಸಾಮಾನು, ರೈಲಿನ ಸಾಮಾನು ಸಾಗಿಸಿದ್ದು ಇವರು. ಮರೀಯಲ್ಲಿ ಮಣ್ಣಿನ ಗೋಡೆಯ ಮಸೀದಿ ಕಟ್ಟಿದರು, ಖರ್ಜೂರ ನೆಟ್ಟರು. ಮಸೀದಿಯ ಪ್ರತಿರೂಪ ಈಗ ಊರ ನಡುವೆ ಇದೆ. ರೈಲುಹಳಿಯ ಒಂದು ಬದಿ ಬಿಳಿಯರು, ಇನ್ನೊಂದು ಬದಿ ಒಂಟೆಯವರು ಮತ್ತು ಮೂಲನಿವಾಸಿಗಳು. ಹಾಗೆ ಭಾಗವಾಗಿತ್ತು ಈ ಊರು. ಹಳಿಯ ಎರಡೂ ಬದಿ ನಡೆದು ನೋಡಿ. 1920ರ ದಶಕದಲ್ಲಿ ಲಾರಿ ಬಂದಾಗ ಒಂಟೆಗೆ ಕೆಲಸ ಹೋಯಿತು. ಕೊಲ್ಲಲು ಮನಸ್ಸಾಗದೆ ಅನೇಕರು ಒಂಟೆಗಳನ್ನು ಬಯಲಿಗೆ ಬಿಟ್ಟರು. ಇಂದು ಒಳನಾಡಿನಲ್ಲಿ ಅಲೆಯುವ ಕಾಡು ಒಂಟೆಗಳು ಅಂಥವುಗಳ ಸಂತಾನ. ಈ ಒಳನಾಡಿನಲ್ಲಿ ಓಡಿದ "ಘಾನ್" ರೈಲಿಗೆ ಹೆಸರು ಬಂದದ್ದೂ ಈ ಜನರಿಂದ ಅಂತ ಹೇಳುತ್ತಾರೆ.

ಹೆಜ್ಜೆ 7: ಊಡ್ನಡಾಟಾ ಟ್ರ್ಯಾಕ್, ಮರೀಯಿಂದ ವಿಲಿಯಂ ಕ್ರೀಕ್

204 ಕಿ.ಮೀ., ನಡುವೆ ಪೆಟ್ರೋಲ್ ಇಲ್ಲ. ಗಂಟೆಗೆ 80ರ ಒಳಗೆ ಓಡಿಸಿ. ಎದುರಿನಿಂದ ಗಾಡಿ ಬಂದರೆ ನಿಧಾನ ಮಾಡಿ, ಎಡಕ್ಕೆ ಸರಿಯಿರಿ. ಕಲ್ಲು ಸಿಡಿದು ಗಾಜು ಒಡೆಯುವುದು ವೇಗಕ್ಕೆ. ಬೆಳಗ್ಗೆ ಬಿಸಿಲೇರಿದ ಮೇಲೆ ಹೊರಟು ಸೂರ್ಯ ಮುಳುಗುವ ಮುಂಚೆ ನಿಲ್ಲಿಸಿ. ಮುಸ್ಸಂಜೆಗೆ ಕಾಂಗರೂ, ಎಮು, ದನ ಎಲ್ಲ ರಸ್ತೆಗೆ ಬರುತ್ತವೆ. ಸತ್ತ ಪ್ರಾಣಿಯ ಮೇಲೆ ಕೂತ ಹದ್ದು ಕಂಡರೆ ಇನ್ನೂ ನಿಧಾನ ಮಾಡಿ. ಹೊಟ್ಟೆ ತುಂಬಿದ ಹದ್ದಿಗೆ ಮೇಲೇಳಲು ಹೊತ್ತು ಬೇಕು.

ರಸ್ತೆಯ ಪಕ್ಕದಲ್ಲೇ ಹಳೇ ಘಾನ್ ರೈಲಿನ ದಿಬ್ಬ, ಮರದ ಸೇತುವೆ, ಮನೆಗಳು ಸಾಗುತ್ತವೆ. ಈ ರೈಲು 1891ರಲ್ಲಿ ಊಡ್ನಡಾಟಾ, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಮುಟ್ಟಿತು. ಪ್ರವಾಹಕ್ಕೆ ಹಳಿ ಕೊಚ್ಚಿಹೋಗಿ ಮತ್ತೆ ಮತ್ತೆ ನಿಲ್ಲುತ್ತಿತ್ತು. 1980ರಲ್ಲಿ ಪಶ್ಚಿಮಕ್ಕೆ ಹೊಸ ಹಳಿ ಹಾಕಿ ಇದನ್ನು ಕೈಬಿಟ್ಟರು.

ಮುಂದೆ ಬಲಗಡೆ ಬಿಳಿಬಿಳಿಯಾಗಿ ಹರಡಿಕೊಳ್ಳುವುದು ಕಾಟಿ ತಾಂಡಾ–ಲೇಕ್ ಐರ್‌ನ ದಕ್ಷಿಣ ಸರೋವರ. ಉತ್ತರದ್ದೂ ಸೇರಿ ಸುಮಾರು 9,500 ಚ.ಕಿ.ಮೀ. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀ. ಕೆಳಗಿದೆ, ಇಡೀ ದೇಶದ ಅತಿ ತಗ್ಗಿನ ಜಾಗ. ಸಾಮಾನ್ಯವಾಗಿ ಬರೀ ಉಪ್ಪು. ದೂರದ ಕ್ವೀನ್ಸ್‌ಲ್ಯಾಂಡಿನಲ್ಲಿ ಭಾರಿ ಮಳೆಯಾದ ವರ್ಷ, ವಾರಗಟ್ಟಲೆ ಹರಿದ ನೀರು ಇಲ್ಲಿಗೆ ತಲುಪುತ್ತದೆ. ಆಗ ಪೆಲಿಕನ್‌ಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. 1974ರಲ್ಲಿ ತುಂಬಿದಷ್ಟು ಆಮೇಲೆ ತುಂಬಿಲ್ಲ. ಅರಬಾನಾ ಜನರಿಗೆ ಇದು ಪವಿತ್ರ. ದಡದಿಂದ ನೋಡಿ, ಸರೋವರದ ಮೇಲೆ ಗಾಡಿ ಇಳಿಸಬೇಡಿ, ನಡೆಯಲೂ ಹೋಗಬೇಡಿ. ಅದರ ವಿಸ್ತಾರ ತಿಳಿಯಬೇಕು ಅಂದರೆ ವಿಲಿಯಂ ಕ್ರೀಕ್‌ನಿಂದಲೋ ಮರೀಯಿಂದಲೋ ಪುಟ್ಟ ವಿಮಾನ ಹತ್ತಿ. ದುಬಾರಿ ಹೌದು. ನೀರು ಬಂದ ವರ್ಷವಾದರೆ ಬೇರೆಲ್ಲಾದರೂ ಉಳಿಸಿ ಇದಕ್ಕೆ ಖರ್ಚು ಮಾಡಿ.

ಮರೀಯಿಂದ ಸುಮಾರು 130 ಕಿ.ಮೀ. ಆದ ಮೇಲೆ ಎಡಕ್ಕೆ ವಾಬ್ಮ ಕಡರ್ಬು ಬುಗ್ಗೆಗಳ ದಾರಿ. ಬ್ಲಾಂಚ್ ಕಪ್, ಬಬ್ಲರ್ ಎರಡನ್ನೂ ನೋಡಿ. ಖಂಡದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೆಲದ ಅಡಿಯಲ್ಲಿ, ಸುಮಾರು 17 ಲಕ್ಷ ಚ.ಕಿ.ಮೀ. ಹರಡಿದ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲ ಇದೆ. ಅದರ ಬಹುಪಾಲು ಪೂರ್ವದ ಬೆಟ್ಟಗಳಲ್ಲಿ ಬಿದ್ದ ಮಳೆ. ಬಂಡೆಯೊಳಗೆ ಲಕ್ಷಾಂತರ ವರ್ಷ ಜಿನುಗುತ್ತಾ ಬಂದು ಈ ಅಂಚಿನಲ್ಲಿ ಮೇಲೇಳುತ್ತದೆ. ನೀರಿನ ಖನಿಜ, ಗಾಳಿಯ ಮರಳು ಸೇರಿ ಸುತ್ತ ದಿಬ್ಬ ಬೆಳೆಯುತ್ತದೆ. ಬಬ್ಲರ್ ಕಟ್ಟೆಯ ಮೇಲೆ ಕೂತು ನೋಡಿ. ತಿಳಿನೀರಿನ ತಳದಲ್ಲಿ ಬೂದು ಮರಳು ಅಲುಗದೆ ಇರುತ್ತದೆ. ಒಮ್ಮೆಗೇ ನಡುವಿನಿಂದ ಉಬ್ಬಿ, ಗಂಜಿ ಕುದಿದ ಹಾಗೆ ಗುಳ್ಳೆಯಾಗಿ ಎದ್ದು, ಒಡೆದು, ಉಂಗುರವಾಗಿ ಹರಡುತ್ತದೆ. ಸ್ವಲ್ಪ ಹೊತ್ತು ಶಾಂತ. ಮತ್ತೆ ಉಬ್ಬುತ್ತದೆ. ಸುತ್ತ ಎತ್ತ ನೋಡಿದರೂ ಬೋಳು ಬಯಲು. ಇದರಲ್ಲಿ ಇಳಿಯಬಾರದು, ದಿಬ್ಬ ತುಳಿಯಬಾರದು. ಹಲಗೆಯ ದಾರಿಯಲ್ಲೇ ನಡೆಯಿರಿ. ಈಜುವ ಆಸೆ ಇದ್ದರೆ ಹತ್ತಿರದ ಕೌವರ್ಡ್ ಸ್ಪ್ರಿಂಗ್ಸ್ ಕ್ಯಾಂಪಿನಲ್ಲಿ ಬೆಚ್ಚಗಿನ ಪುಟ್ಟ ಕೊಳ ಇದೆ. ಖರ್ಜೂರದ ತೋಪು, ಹಳೇ ರೈಲ್ವೆ ಮನೆ, ರಾತ್ರಿಗೆ ಆಕಾಶ ತುಂಬ ನಕ್ಷತ್ರ. ಈ ದಾರಿಯಲ್ಲಿ ಒಂದೇ ರಾತ್ರಿ ಟೆಂಟ್ ಹಾಕುವುದಾದರೆ ಇಲ್ಲಿ ಹಾಕಿ.

ಜಾನ್ ಮ್ಯಾಕ್‌ಡೂಅಲ್ ಸ್ಟುವರ್ಟ್ ಎಂಬ ಅನ್ವೇಷಕ ಖಂಡ ದಾಟುವ ದಾರಿ ಕಂಡುಕೊಂಡಿದ್ದು ಈ ಬುಗ್ಗೆಗಳ ಸಾಲು ಹಿಡಿದು. 1862ರಲ್ಲಿ ಉತ್ತರದ ಕಡಲು ಮುಟ್ಟಿದ. ಹತ್ತು ವರ್ಷಕ್ಕೆ, 1872ರಲ್ಲಿ, ಅದೇ ಜಾಡಿನಲ್ಲಿ ಟೆಲಿಗ್ರಾಫ್ ತಂತಿ ಬಂತು. ಅಡಿಲೇಡ್‌ನ ಸುದ್ದಿ ಲಂಡನ್ನಿಗೆ ಗಂಟೆಗಳಲ್ಲಿ ಹೋಗತೊಡಗಿತು. ಮುಂದಿನ ಸ್ಟ್ರ್ಯಾಂಗ್‌ವೇಸ್ ಸ್ಪ್ರಿಂಗ್ಸ್‌ನಲ್ಲಿ ಆ ತಂತಿಯ ಠಾಣೆಯ ಪಾಳುಗಳಿವೆ. ಒಂದು ಗಂಟೆ ಇಟ್ಟುಕೊಳ್ಳಿ.

ವಿಲಿಯಂ ಕ್ರೀಕ್ ಅಂದರೆ ಒಂದು ಹೋಟೆಲು, ಕ್ಯಾಂಪು, ವಿಮಾನದ ಪಟ್ಟಿ, ಕೆಲವೇ ಜನ. ಸುತ್ತ ಇರುವುದು ಜಗತ್ತಿನ ಅತಿ ದೊಡ್ಡ ದನಗಳ ಠಾಣ್ಯ ಆನಾ ಕ್ರೀಕ್. ಟ್ಯಾಂಕ್ ತುಂಬಿಸಿ. ಇನ್ನೂ ಉತ್ತರಕ್ಕೆ ಊಡ್ನಡಾಟಾಗೆ 203 ಕಿ.ಮೀ. ಆ ದಾರಿಯ ಆಲ್ಜೆಬಕಿನಾ ರೈಲು ಸೇತುವೆ 578 ಮೀ. ಉದ್ದ, ನೋಡುವಂಥದ್ದು. ಆದರೆ ಮೊದಲ ಸಲದವರಿಗೆ ಇಲ್ಲಿಂದ ಪಶ್ಚಿಮಕ್ಕೆ ತಿರುಗಿ ಕೂಬರ್ ಪೀಡಿಗೆ ಹೋಗುವ 166 ಕಿ.ಮೀ. ಸಾಕು.

ಹೆಜ್ಜೆ 8: ಕೂಬರ್ ಪೀಡಿ

1915ರಲ್ಲಿ ಚಿನ್ನ ಹುಡುಕಲು ಬಂದ ತಂಡದಲ್ಲಿದ್ದ ವಿಲ್ಲಿ ಹಚಿಸನ್ ಎಂಬ ಹುಡುಗ ನೀರು ಹುಡುಕುತ್ತಾ ಹೋಗಿ ಓಪಲ್ ಎಂಬ ರತ್ನದ ಕಲ್ಲಿನ ತುಂಡು ಕಂಡ. ಅಲ್ಲಿಂದ ಊರು ಬೆಳೆಯಿತು. ಬಿಸಿಲಿಗೆ ಹೆದರಿ ಜನ ಗುಡ್ಡ ಕೊರೆದು ಒಳಗೆ ಮನೆ ಮಾಡಿಕೊಂಡರು. ಹೊರಗೆ 45 ಡಿಗ್ರಿ ಇದ್ದರೂ ಒಳಗೆ 25ರ ಆಸುಪಾಸು. ಒಂದು ರಾತ್ರಿಯಾದರೂ ನೆಲದಡಿಯ ಕೋಣೆಯಲ್ಲಿ ಮಲಗಿ. ದೀಪ ಆರಿಸಿದ ಮೇಲಿನ ಕತ್ತಲೆ ಮತ್ತು ನಿಶ್ಶಬ್ದ ನಗರದಲ್ಲಿ ಎಲ್ಲೂ ಸಿಗುವುದಿಲ್ಲ. ಸರ್ಬಿಯನ್ ಚರ್ಚನ್ನು ತಪ್ಪಿಸಬೇಡಿ. ಗುಡ್ಡದೊಳಗೆ ಕೊರೆದ ಎತ್ತರದ ಛಾವಣಿ, ಗೋಡೆಯಲ್ಲೇ ಕೆತ್ತಿದ ಸಂತರು.

ಊರ ಹೊರಗೆ ಲೆಕ್ಕವಿಲ್ಲದಷ್ಟು ಗಣಿ ಗುಂಡಿಗಳು ಬಾಯಿ ತೆರೆದುಕೊಂಡಿವೆ. ಬೋರ್ಡ್ ಇಲ್ಲದ ಕಡೆ ನಡೆಯಬೇಡಿ, ಫೋಟೋಗಾಗಿ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ, ಮಕ್ಕಳ ಕೈ ಬಿಡಬೇಡಿ. ಗಣಿಯ ಕಸದಲ್ಲಿ ಓಪಲ್ ಚೂರು ಹುಡುಕಲು ಸಾರ್ವಜನಿಕರಿಗೆ ಬಿಟ್ಟ ಜಾಗ ಊರಲ್ಲೇ ಇದೆ, ಅಲ್ಲಿ ಮಾತ್ರ ಹುಡುಕಿ. ಕುಡಿಯುವ ನೀರಿನ ಕ್ಯಾನ್‌ಗಳನ್ನು ಇಲ್ಲಿ ತುಂಬಿಸಿಕೊಳ್ಳಿ. ದೂರದ ಕೊಳವೆಬಾವಿಯಿಂದ ತಂದು ಉಪ್ಪು ತೆಗೆದ ನೀರದು, ಒಂದೊಂದು ಲೀಟರಿಗೂ ಖರ್ಚಿದೆ. ಸ್ನಾನ ಚುಟುಕಾಗಿರಲಿ.

ಸಂಜೆ ಊರಿನಿಂದ ಸುಮಾರು 30 ಕಿ.ಮೀ. ಉತ್ತರದ ಕಾಂಕು–ಬ್ರೇಕವೇಸ್‌ಗೆ ಹೋಗಿ. ಪ್ರವೇಶದ ಪರವಾನಗಿ ಮೊದಲೇ ಕೊಳ್ಳಿ. ಬಿಳಿ, ಕಿತ್ತಳೆ, ಕಂದು ಬಣ್ಣದ ಚಪ್ಪಟೆ ಗುಡ್ಡಗಳು ಇಳಿಬಿಸಿಲಿಗೆ ನಿಮಿಷಕ್ಕೊಮ್ಮೆ ಬಣ್ಣ ಬದಲಿಸುತ್ತವೆ. ಹತ್ತಿರದಲ್ಲೇ ಡಿಂಗೊ ಬೇಲಿ ಹಾದುಹೋಗುತ್ತದೆ. ದಕ್ಷಿಣದ ಕುರಿಗಳನ್ನು ಕಾಡುನಾಯಿಯಿಂದ ಕಾಯಲು ಹಾಕಿದ ಇದು ಸುಮಾರು 5,600 ಕಿ.ಮೀ. ಉದ್ದ.

ಹೆಜ್ಜೆ 9: ವಾಪಸ್ ದಾರಿ

ಕೂಬರ್ ಪೀಡಿಯಲ್ಲಿ ಟೈರಿಗೆ ಪೂರ್ತಿ ಗಾಳಿ, ಟ್ಯಾಂಕಿಗೆ ಪೂರ್ತಿ ಪೆಟ್ರೋಲ್. ಮುಂದಿನ ಸುಮಾರು 250 ಕಿ.ಮೀ. ಏನೂ ಸಿಗುವುದಿಲ್ಲ. ಹೆದ್ದಾರಿಯಲ್ಲಿ ರೋಡ್ ಟ್ರೈನ್ ಎಂಬ ಉದ್ದುದ್ದ ಲಾರಿಗಳು ಓಡುತ್ತವೆ, 53 ಮೀ.ವರೆಗೂ ಇರುತ್ತವೆ. ಹಿಂದಿಕ್ಕಲು ಬಹಳ ದೂರದ ಖಾಲಿ ರಸ್ತೆ ಕಾಣಬೇಕು. ಕಾಣದಿದ್ದರೆ ಹಿಂದೆಯೇ ಇರಿ. ಹೆದ್ದಾರಿಯ ಎರಡೂ ಬದಿ ಬಹಳ ದೂರ ವೂಮೆರಾ ನಿರ್ಬಂಧಿತ ಪ್ರದೇಶ. 1947ರಿಂದ ರಾಕೆಟ್, ಕ್ಷಿಪಣಿ ಪರೀಕ್ಷೆಯ ಜಾಗ. ರಸ್ತೆ ಬಿಟ್ಟು ಒಳಗೆ ಹೋಗುವಂತಿಲ್ಲ. ವೂಮೆರಾ ಊರಿಗೆ ಮಾತ್ರ ಹೋಗಬಹುದು, ಹಳೆಯ ರಾಕೆಟ್‌ಗಳನ್ನು ಬಯಲಲ್ಲೇ ನಿಲ್ಲಿಸಿದ್ದಾರೆ. ಹೆದ್ದಾರಿಯ ಪುಟ್ಟ ಊರುಗಳಾದ ಗ್ಲೆಂಡಾಂಬೊ ಮತ್ತು ಪಿಂಬಾ ನಡುವೆ ಲೇಕ್ ಹಾರ್ಟ್ ಎಂಬ ಉಪ್ಪಿನ ಸರೋವರ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ, ಕಾಲು ಆಡಿಸಲು ಒಳ್ಳೆಯ ಜಾಗ.

ಈ 846 ಕಿ.ಮೀ.ನ್ನು ಒಂದೇ ದಿನ ಓಡಿಸಬೇಡಿ. ಪೋರ್ಟ್ ಆಗಸ್ಟಾದಲ್ಲಿ ಉಳಿದುಕೊಳ್ಳಿ. ಮರುದಿನ ಬೆಳಗ್ಗೆ ಅಲ್ಲಿಯ ಒಣನಾಡಿನ ಸಸ್ಯೋದ್ಯಾನಕ್ಕೆ ಒಂದೆರಡು ಗಂಟೆ ಕೊಡಿ. ಇಷ್ಟು ದಿನ ಗಾಡಿಯ ಕಿಟಕಿಯಿಂದ ನೋಡಿದ ಗಿಡಗಳಿಗೆಲ್ಲ ಅಲ್ಲಿ ಹೆಸರಿನ ಫಲಕ ಇದೆ. ಅಲ್ಲಿಂದ ಅಡಿಲೇಡ್‌ಗೆ ಸುಮಾರು 310 ಕಿ.ಮೀ., ಮಧ್ಯಾಹ್ನ ಹೊರಟರೂ ಕತ್ತಲಾಗುವ ಹೊತ್ತಿಗೆ ಮನೆ.